ಬಂದರಿನಲ್ಲಿ ಹೊಗೆಯಿಲ್ಲದೆ ನಿಂತ ಹಡಗು

ಹಡಗಿಗೆ ಹೊರಡುವ ಹಿಂದಿನ ದಿನ ನನ್ನ ತಮ್ಮ ಶಹಾಬಾದದ ನಮ್ಮ ಮನೆಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದ. ಅವನಿಗೆ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಹಡಗುಗಳ ಹೊಗೆ ಕಡಿಮೆ ಮಾಡಲು ಎಲ್ಲ ದೇಶಗಳೂ ಕೂಡಿ ಮಾತಾಡುತ್ತಿವೆ, ಇನ್ನು ಬಂದರಿನಲ್ಲಿ ನಿಂತಾಗ ಜನರೇಟರ್ ಬಂದ್ ಮಾಡಿ ದಡದಿಂದಲೇ ಕರೆಂಟ್ ತೆಗೆದುಕೊಳ್ಳುತ್ತೇವೆ ಎಂದ. ಅವ್ವ ನಕ್ಕಳು.

"ನಮ್ಮ ಮನಿಗೇ ಕರೆಂಟ್ ನೆಟ್ಟಗ ಇರಲ್ಲ. ನಿನ್ನ ಹಡಗಿಗೆ ಯಾರ್ ಕೊಡ್ತಾರೋ?"

"ಕೊಡ್ತಾರ ತಗೋ ಅವ್ವ, ನೋಡ್ತಿರು."

ಆ ಸಲದ ಪ್ರಯಾಣದಲ್ಲೇ ಹೃದಯಾಘಾತವಾಗಿ ತಮ್ಮ ತೀರಿಕೊಂಡ. ಅಂದಿನಿಂದ ಅವ್ವ ಮನೆಯಲ್ಲಿ ಹಡಗಿನ ಮಾತೇ ಎತ್ತಗೊಡಲಿಲ್ಲ.

ಹೋದ ತಿಂಗಳು ಅವನ ಜೊತೆ ಕೆಲಸ ಮಾಡುತ್ತಿದ್ದ ಕಾರವಾರದ ಗೆಳೆಯರೊಬ್ಬರು ವಿಡಿಯೊ ಕರೆ ಮಾಡಿದರು. ಅವರ ಹಡಗು ಯಾವುದೋ ಹೊರದೇಶದ ಬಂದರಿನಲ್ಲಿತ್ತು. ದಡದಿಂದ ತೋಳಿನಷ್ಟು ದಪ್ಪದ ಕೇಬಲ್ ಎಳೆದು ಜೋಡಿಸಿದ್ದರು. ಅವರು ಫೋನನ್ನು ಹಡಗಿನ ಚಿಮಣಿಯತ್ತ ತಿರುಗಿಸಿ, "ಅಕ್ಕಾ, ನಮ್ಮ ಹಡಗಿಗೆ ಇದೇ ಮೊದಲ ಸಲ. ನಿಮಗೆ ತೋರಿಸದೆ ಮನಸ್ಸು ತಡೀಲಿಲ್ಲ" ಎಂದರು. ಹೊಗೆ ಒಂದಿಷ್ಟೂ ಬರುತ್ತಿರಲಿಲ್ಲ.

ಅವ್ವ ಎದ್ದು ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಬಂದು, ನನ್ನ ಕೈಯಿಂದ ಫೋನ್ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ವಾಡಿ ಸಿಮೆಂಟ್ ಫ್ಯಾಕ್ಟರಿ ಚಿಮಣಿಗಿಂತ ಭಾಳ ಸಣ್ಣದು ಅದ. ನನ್ನ ಮಗ ಖರೇನೇ ಹೇಳಿದ್ದ ನೋಡು" ಎಂದಳು. ಆಮೇಲೆ ಅವರನ್ನು, "ಉಂಡ್ರೇನಪಾ ಎಲ್ಲಾರೂ?" ಎಂದು ಕೇಳಿದಳು.

ಈಗ ಅವ್ವ ಅಕ್ಕಪಕ್ಕದವರಿಗೆ ಹಡಗಿನ ಸುದ್ದಿ ಹೇಳುತ್ತಾಳೆ, ಮಗನ ಹೆಸರು ಹಿಡಿದೇ ಹೇಳುತ್ತಾಳೆ. ಕೇಳುವಾಗ ನನ್ನ ಮನಸ್ಸೂ ಹಗುರಾಗುತ್ತದೆ. ಆ ಕೇಬಲ್ ಜೋಡಿಸಿದವರಲ್ಲಿ ನನ್ನ ತಮ್ಮ ಮಾತ್ರ ಇರಲಿಲ್ಲ.