ಈರಕ್ಕನ ನಿಧಾನ

ಮೊಮ್ಮಗಳು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಸ್ಲೋ, ಲೀಜರ್ಲಿ, ಗ್ರ್ಯಾಜುಯಲ್, ಡೆಲಿಬರೇಟ್, ಸ್ಲಗಿಶ್, ಡಲ್. ನಾಳೆ ಟೆಸ್ಟಂತೆ. ಇವೆಲ್ಲ ನಿಧಾನವನ್ನು ಹೇಳುವ ಪದಗಳು, ಯಾವುದನ್ನು ಎಲ್ಲಿ ಹಾಕಬೇಕು ಹೇಳಿಕೊಡು ತಾತ ಎಂದಳು. ನನ್ನ ಮುಖ ಕೆಂಪಾದದ್ದು ಕಂಡು ಪಾಪ, ಪುಸ್ತಕ ಮುಚ್ಚಿಯೇಬಿಟ್ಟಳು. ಸಿಟ್ಟು ನಿನ್ನ ಮೇಲಲ್ಲ ಕಣೆ ಎಂದು ಸಮಾಧಾನ ಮಾಡಬೇಕಾಯಿತು.

ಯಾವುದನ್ನು ಎಲ್ಲಿ ಹಾಕುತ್ತಾರೆಂದು ನನಗೆ ಚೆನ್ನಾಗಿಯೇ ಗೊತ್ತು. ನೀವೇ ನೋಡಿ. ಸಾಹೇಬರು ಊಟ ಮುಗಿಸಿ ಕಾಲೆಳೆಯುತ್ತಾ ಅಂಗಳದಲ್ಲಿ ಅಡ್ಡಾಡಿದರೆ ಅದು ಲೀಜರ್ಲಿ. ಕಚೇರಿಯ ಫೈಲು ಈ ಮೇಜಿನಿಂದ ಆ ಮೇಜಿಗೆ ಹೋಗಲು ವರ್ಷ ಹಿಡಿದರೆ ಗ್ರ್ಯಾಜುಯಲ್. ದೊಡ್ಡವರು ಉತ್ತರ ಕೊಡುವ ಮುಂಚೆ ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ಕನ್ನಡಕ ಒರೆಸಿದರೆ ಡೆಲಿಬರೇಟ್. ಕುರಿ ಕಾಯುವವರ ಮನೆಯ ಹುಡುಗಿ ಒಂದು ಗಳಿಗೆ ಯೋಚಿಸಿದರೆ ಮಾತ್ರ ಡಲ್. ಇಷ್ಟೊಂದು ಪದಗಳಿರುವ ಭಾಷೆಯಲ್ಲಿ ನಮ್ಮ ಪಾಲಿಗೆ ಯಾವಾಗಲೂ ತಳದಲ್ಲಿ ಉಳಿದದ್ದೇ ಏಕೆ ಬರಬೇಕು?

ಎಪ್ಪತ್ತರ ದಶಕದ ಮಾತು ಇದು. ನಮ್ಮೂರು ಹಿರೇಗುಂಟನೂರಿನಿಂದಾಚೆ. ಅಕ್ಕ ಈರಕ್ಕ ಏಳನೇ ಕ್ಲಾಸು, ನಾನು ಐದು. ಕುರಿ ಸಾಕುವ ಮನೆ ನಮ್ಮದು. ಹಿಂಡು ಹೊರಟಾಗ ಮುಂದೆ ಯಾರು ಬೇಕಾದರೂ ನಡೆಯಬಹುದು, ಹಿಂದೆ ನಡೆಯುವವರನ್ನು ಮಾತ್ರ ಅಪ್ಪ ನೋಡಿ ಆರಿಸುತ್ತಿದ್ದ. ಗಬ್ಬದ ಕುರಿ, ಆಗಷ್ಟೇ ಹುಟ್ಟಿದ ಮರಿ, ಕುಂಟುವ ಟಗರು, ಎಲ್ಲ ಹಿಂದೆಯೇ ಉಳಿಯುತ್ತವಲ್ಲ, ಅವುಗಳ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಳ್ಳುವವರಿಗೇ ಆ ಜಾಗ. ಸಂಬಂಧ ನೋಡುವಾಗಲೂ ನಮ್ಮವರು ಮೊದಲು ಕೇಳುವುದು ಹುಡುಗ ನಿಧಾನಸ್ಥನೋ ಅಲ್ಲವೋ ಎಂದೇ. ಈರಕ್ಕನಿಗೆ ಆ ಜಾಗ ಚಿಕ್ಕಂದಿನಲ್ಲೇ ಸಿಕ್ಕಿತ್ತು. ನಾನೋ, ಬಾಲ ಸುಟ್ಟ ಬೆಕ್ಕಿನಂತೆ ಓಡಾಡುವವನು. ಹಿಂಡಿನ ಕೆಲಸಕ್ಕೆ ಬಾರದವನೆಂದೇ ಮುಂದೆ ನನ್ನನ್ನು ದುರ್ಗದ ಕಾಲೇಜಿಗೆ ಕಳಿಸಿದರೆಂದು ನನಗೆ ಇವತ್ತಿಗೂ ಗುಮಾನಿ.

ಶಾಲೆಯಲ್ಲೂ ಅಕ್ಕ ಹಾಗೆಯೇ. ಪ್ರಶ್ನೆ ಕೇಳಿದರೆ ಎದ್ದು ನಿಂತು, ಯೋಚಿಸಿ ಹೇಳುವಳು. ಉತ್ತರ ಸರಿಯಾಗಿಯೇ ಇರುತ್ತಿತ್ತು, ಆದರೆ ಅಷ್ಟರಲ್ಲಿ ಇಂಗ್ಲಿಷ್ ಮೇಷ್ಟ್ರು ಮುಂದಿನ ಬೆಂಚಿಗೆ ಹೋಗಿಯಾಗಿರುತ್ತಿತ್ತು. ಅವರಿಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ರಿಸಲ್ಟಿನ ಚಿಂತೆ. ಪರೀಕ್ಷೆ ಪಾಸಾದರೆ ತುರುವನೂರಿನ ಹೈಸ್ಕೂಲಿಗೆ ಹಾಕುತ್ತೇನೆಂದು ಅಪ್ಪ ಅಕ್ಕನಿಗೆ ಮಾತು ಕೊಟ್ಟಿದ್ದ. ಅದೊಂದು ಮಾತನ್ನೇ ನೆಚ್ಚಿಕೊಂಡು ಆಕೆ ಓದುತ್ತಿದ್ದಳು.

ಒಂದು ದಿನ ಅಪ್ಪನನ್ನು ಶಾಲೆಗೆ ಕರೆಸಿದರು. ಹೆಗಲ ಕಂಬಳಿ ಕೈಗೆ ತೆಗೆದುಕೊಂಡು ಅಪ್ಪ ಹೆಡ್ಮಾಸ್ಟರ ಕೋಣೆಯಲ್ಲಿ ನಿಂತ, ಪಕ್ಕದಲ್ಲಿ ನಾವಿಬ್ಬರು. ನಿಮ್ಮ ಹುಡುಗಿ ಸ್ಲೋ ಎಂದರು ಮೇಷ್ಟ್ರು. ಹಾಗೆಂದರೇನು ಸ್ವಾಮಿ ಎಂದು ಅಪ್ಪ ಕೇಳಿದ್ದಕ್ಕೆ, ನಿಧಾನ, ಬಹಳ ನಿಧಾನ ಎಂದು ಬಿಡಿಸಿ ಹೇಳಿದರು. ಅಪ್ಪನ ಮುಖ ಅರಳಿತು.

“ಹೌದ್ರೀ ಸ್ವಾಮಿ, ನಮ್ ಮನೇಗೆಲ್ಲ ಅದೊಂದೇ ನಿಧಾನಸ್ಥ ಕೂಸು. ನಿಮ್ ಕಣ್ಣಿಗೂ ಬಿತ್ತಲ್ಲ, ಅಷ್ಟು ಸಾಕು.”

ಮೇಷ್ಟ್ರು ಹೆಡ್ಮಾಸ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಇಬ್ಬರೂ ನಕ್ಕರು, ಅವರೊಂದಿಗೆ ಅಪ್ಪನೂ ನಕ್ಕ. ಈ ವರ್ಷ ಪರೀಕ್ಷೆ ಬೇಡ, ಇನ್ನೊಂದು ವರ್ಷ ಇಲ್ಲೇ ಓದಲಿ ಎಂದಾಗ, ಅದಕ್ಕೇನು, ನಿಧಾನಕ್ಕೇ ಆಗಲಿ ಬಿಡಿ ಎಂದು ಕೈ ಮುಗಿದ. ಮೇಷ್ಟ್ರು ನಮ್ಮ ಹುಡುಗಿಯನ್ನು ಇಂಗ್ಲಿಷಿನಲ್ಲಿ ಹೊಗಳಿದರೆಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ.

ಆ ಇನ್ನೊಂದು ವರ್ಷ ಬರಲೇ ಇಲ್ಲ. ಅಷ್ಟರಲ್ಲಿ ಅಕ್ಕ ಮೈನೆರೆದಳು, ಶಾಲೆ ಬಿಡಿಸಿದರು, ಹಿರಿಯೂರಿನ ಕಡೆ ಮದುವೆ ಮಾಡಿಕೊಟ್ಟರು. ನಾನು ಕಾಲೇಜು ಸೇರಿ ಆ ಪದಗಳ ಒಳಮರ್ಮ ಕಲಿತ ದಿನ ಸಿಟ್ಟಿನಿಂದ ಊಟ ಬಿಟ್ಟೆ. ಆದರೆ ಅಷ್ಟುಹೊತ್ತಿಗೆ ಅಕ್ಕನ ಸೊಂಟದ ಮೇಲೆ ಕೂಸಿತ್ತು. ಮೋಸ ಹೋದದ್ದೇ ಮೋಸ ಹೋದವರಿಗೆ ತಿಳಿಯದಂತೆ ಮಾಡಿದರಲ್ಲ ಎಂಬುದು ನನ್ನ ಸಂಕಟ. ಅಪ್ಪ ಸಾಯುವವರೆಗೂ ಆ ಹೊಗಳಿಕೆಯನ್ನು ಹೇಳಿಕೊಳ್ಳುತ್ತಲೇ ಇದ್ದ.

ಮೊಮ್ಮಗಳ ಪಾಠ ಅಲ್ಲಿಗೇ ಬಿಟ್ಟು ಅಕ್ಕನಿಗೆ ಫೋನು ಮಾಡಿದೆ. ತಡೆಯಲಾರದೆ ಎಲ್ಲವನ್ನೂ ಹೇಳಿದೆ, ಅಂದು ಮೇಷ್ಟ್ರು ಹೊಗಳಿದ್ದಲ್ಲ, ಬೈದದ್ದು ಎಂದೂ ಹೇಳಿದೆ. ಅಕ್ಕ ಎಂದಿನಂತೆ ನಿಧಾನವಾಗಿಯೇ ಅಂದಳು.

“ಗೊತ್ತೈತೆ ಕಣಲೇ. ಆಮೇಲೆ ಹೆಡ್ಮಾಸ್ಟರಿಗೆ ಡಲ್, ಯೂಸ್‌ಲೆಸ್ ಅಂದ್ರಲ್ಲ, ನಂಗಾಗ್ಲೇ ತಿಳೀತು.”

ಮತ್ತೆ ಬಾಯಿ ಯಾಕೆ ಬಿಡಲಿಲ್ಲ, ಅಪ್ಪನಿಗೆ ಒಂದು ಮಾತು ಹೇಳಿದ್ದರೆ ಜಗಳವಾಡಿಯಾದರೂ ಪರೀಕ್ಷೆಗೆ ಕೂರಿಸುತ್ತಿದ್ದನಲ್ಲ ಎಂದು ನಾನು ಕೂಗಾಡಿದೆ.

“ಅಪ್ಪ ಹಂಗೆ ನಗ್ತಾ ನಿಂತಿದ್ನಲ್ಲ ತಮ್ಮಾ. ಆ ಮಕ ನೋಡ್ಕಂಡು ಹೆಂಗ್ ಹೇಳ್ಲಿ?”

ಆ ದಿನ ಆ ಕೋಣೆಯಲ್ಲಿ ಇಂಗ್ಲಿಷೂ ಅರ್ಥವಾಗಿ, ಅಪ್ಪನೂ ಅರ್ಥವಾದದ್ದು ಅವಳೊಬ್ಬಳಿಗೇ. ಅವಳನ್ನೇ ಪರೀಕ್ಷೆಗೆ ಕೂರಿಸಲಿಲ್ಲ.