ಜೈಲಿಗೆ ಒಯ್ದ ಕ್ರಿಸ್‌ಮಸ್ ಬಿಸ್ಕತ್ತು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಹಿಡಿದು ನಿಂತವಳಿಗೆ ಇಸ್ತ್ರಿಯಮ್ಮ ಅನ್ನೋ ಹೆಸರೇ ಅಂಟಿಕೊಂಡಿತ್ತು. ಆಳು ಗಿಡ್ಡ, ಮಾತು ಉದ್ದ. ಗಂಡ ಹೋದ ಮೇಲೆ ಒಬ್ಬಳೇ ಮಗಳನ್ನು ಓದಿಸಿದಳು. ಮಗಳು ಅದೇ ಆಸ್ಪತ್ರೆಯಲ್ಲಿ ನರ್ಸ್ ಆದಾಗ ಅವಳ ಬಿಳಿ ಯೂನಿಫಾರ್ಮನ್ನು ಬೇರೆ ಯಾರ ಕೈಗೂ ಕೊಡದೆ, ಗೆರೆ ಎಣಿಸುವ ಹಾಗೆ ತಾನೇ ಇಸ್ತ್ರಿ ಮಾಡುತ್ತಿದ್ದಳು.

ಡಿಸೆಂಬರ್ ಮೂರನೇ ವಾರ ಬಂತೆಂದರೆ ತಾಯಿ ಮಗಳಿಬ್ಬರೂ ಸೊಂಟ ಕಟ್ಟಿ ಅಡುಗೆಮನೆಗೆ ಇಳಿಯುತ್ತಿದ್ದರು. ಬೆಣ್ಣೆ, ಸಕ್ಕರೆ ಪುಡಿ ನಾದುವುದು ತಾಯಿ. ಹಿಟ್ಟು ಲಟ್ಟಿಸಿ ನಕ್ಷತ್ರ, ಗಂಟೆ, ಮರಗಳ ಆಕಾರದ ಅಚ್ಚಿನಲ್ಲಿ ಒತ್ತುವುದೂ ತಾಯಿಯೇ. ಬೆಂದು ಆರಿದ ಮೇಲೆ ಮಗಳ ಸರದಿ. ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಹಾಕಿ ಕಡೆದು, ಬಣ್ಣ ಬೆರೆಸಿ, ಬೆಣ್ಣೆ ಕಾಗದದ ಕೋನಿನಲ್ಲಿ ತುಂಬಿ, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದಳು. ಸೂಜಿ ಚುಚ್ಚುವ ಕೈ, ಒಂದು ಕೂದಲೆಳೆ ಅತ್ತಿತ್ತ ಆಗುತ್ತಿರಲಿಲ್ಲ. ಇಡೀ ಬೀದಿಗೆ ಅವರ ಮನೆಯ ಬಿಸ್ಕತ್ತು ಹೋಗುತ್ತಿತ್ತು.

ಆ ವರ್ಷ ಮಾತ್ರ ಇಸ್ತ್ರಿಯಮ್ಮ ಒಬ್ಬಳೇ ಮಾಡಿದಳು. ಮಗಳು ಜೈಲಿನಲ್ಲಿದ್ದಳು.

ಆದದ್ದಿಷ್ಟು. ಹಿಂದಿನ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬ ಇದ್ದ. ಸಣ್ಣ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದವನು ಮೂರನೇ ದಿನ, ಮನೆಗೆ ಹೊರಡುವ ಬೆಳಿಗ್ಗೆ, ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಮಂಚದಲ್ಲೇ ಪ್ರಾಣ ಬಿಟ್ಟ. ಚುಚ್ಚಿದವಳು ಇಸ್ತ್ರಿಯಮ್ಮನ ಮಗಳು. ಅವನ ಹೆಂಡತಿ ಪಕ್ಕದಲ್ಲೇ ಕೂತು ಚಪ್ಪಲಿ, ಪಂಚೆ ಚೀಲಕ್ಕೆ ತುಂಬುತ್ತಿದ್ದಳು. ನರ್ಸ್ ಬಾಟಲಿಯ ಮೇಲಿನ ಚೀಟಿ ಓದಿ ಬಿಳಿಚಿಕೊಂಡಳು, ಬಾಟಲಿಯನ್ನು ಜೇಬಿಗೆ ಹಾಕಿಕೊಂಡಳು, ಯಾರನ್ನೂ ಕರೆಯಲಿಲ್ಲ ಎಂದು ಆಕೆ ಕೋರ್ಟಿನಲ್ಲಿ ಹೇಳಿದಳು. ಮಗಳು ಇಲ್ಲವೆಂದಳು. ಬಾಟಲಿ ಸಿಗಲಿಲ್ಲ. ಆದರೆ ರೋಗಿಯ ಹಾಳೆಯಲ್ಲಿ ಇಂಜೆಕ್ಷನ್ ಕೊಟ್ಟ ಹೊತ್ತು ತಿದ್ದಿದ್ದು ಸಿಕ್ಕಿತು. ಮೂರು ವರ್ಷ ಶಿಕ್ಷೆಯಾಯಿತು.

ಇಸ್ತ್ರಿಯಮ್ಮ ಒಂದು ದಿನವೂ ನಂಬಲಿಲ್ಲ. ದೊಡ್ಡ ಡಾಕ್ಟರುಗಳು ತಮ್ಮ ತಪ್ಪನ್ನು ಬಡವರ ಮಗಳ ತಲೆಗೆ ಕಟ್ಟಿದರು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದಳು. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂದು ಇಸ್ತ್ರಿ ಕೋಣೆಯಲ್ಲಿ ಯಾರೋ ಅಂದಿದ್ದಕ್ಕೆ ಅವರ ಜೊತೆ ಮಾತು ಬಿಟ್ಟಳು. ನವೆಂಬರಿನಲ್ಲಿ ಬ್ರೆಡ್ ಅಂಗಡಿಯ ಸಾಲಿನಲ್ಲಿ ಗಡಿಯಾರದವನ ಹೆಂಡತಿ ಎದುರಾದಾಗ, ಹತ್ತು ಜನರ ಮುಂದೆ ಬೆರಳು ತೋರಿಸಿ, "ಸುಳ್ಳು ಸಾಕ್ಷಿ ಹೇಳಿ ನನ್ನ ಮಗಳನ್ನ ಒಳಗೆ ಹಾಕಿಸಿದೋಳು ಇವಳೇ. ಇವಳಿಗೆ ಬ್ರೆಡ್ ಹೇಗೆ ಗಂಟಲಲ್ಲಿ ಇಳಿಯುತ್ತೋ" ಅಂದಳು. ಆಕೆ ಸಾಲು ಬಿಟ್ಟು ಹೊರಟುಹೋದಳು.

ಹಬ್ಬದ ವಾರ ಮನೆಯಲ್ಲಿ ಮಾಡಿದ ತಿಂಡಿ ಒಂದು ಡಬ್ಬಿ ತರಬಹುದು ಎಂದು ಜೈಲಿನಿಂದ ಕಾಗದ ಬಂದಿತ್ತು. ಇಸ್ತ್ರಿಯಮ್ಮ ಎರಡು ದಿನ ರಜೆ ಹಾಕಿದಳು. ಒತ್ತುವುದು, ಬೇಯಿಸುವುದು ಸಲೀಸಾಗಿ ಆಯಿತು. ಅಲಂಕಾರಕ್ಕೆ ಕೂತಾಗ ಕೈ ಮಾತು ಕೇಳಲಿಲ್ಲ. ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಬೆರಳಿನ ಗಂಟುಗಳು ಊದಿದ್ದವು. ಕೋನು ಒತ್ತಿದರೆ ಸಕ್ಕರೆ ಒಮ್ಮೆ ಬರುತ್ತಲೇ ಇರಲಿಲ್ಲ, ಒಮ್ಮೆ ಬುಳಕ್ಕನೆ ಸುರಿಯುತ್ತಿತ್ತು. ಗಂಟೆಯ ಆಕಾರದ ಮೊದಲ ಬಿಸ್ಕತ್ತು ಕುಂಬಳಕಾಯಿಯ ಹಾಗಾಯಿತು. ಬಿಡಲಿಲ್ಲ. ಕೆರೆದು ತೆಗೆದು ಮತ್ತೆ ಎಳೆದಳು. ಎರಡನೇ ದಿನ ಸಂಜೆಗೆ ಇಪ್ಪತ್ತನಾಲ್ಕು ಬಿಸ್ಕತ್ತು, ಒಂದೊಂದರ ಅಂಚಿಗೂ ಬಿಳಿ ಗೆರೆ, ಮರಗಳಿಗೆ ಹಸಿರು, ನಕ್ಷತ್ರಗಳ ತುದಿಗೆ ಸಾಸಿವೆಯಷ್ಟು ಕೆಂಪು ಚುಕ್ಕೆ. ಮಗಳು ನೋಡಿದರೆ ನಗುತ್ತಾಳೆ, ನಗಲಿ ಅಂದುಕೊಂಡಳು.

ಜೈಲಿನ ತಪಾಸಣೆ ಕೋಣೆಯಲ್ಲಿ ಉದ್ದದ ಮೇಜು. ಕಾವಲಿನ ಹೆಂಗಸು ಕೈಗವಸು ಹಾಕಿಕೊಂಡು ಡಬ್ಬಿ ತೆರೆದಳು. ಬಗ್ಗಿ ಬಿಸ್ಕತ್ತುಗಳನ್ನು ನೋಡಿದಳು.

"ನೀವೇ ಮಾಡಿದ್ದಾ ಅಮ್ಮ?"

"ಹೂಂ. ನೀವೂ ಒಂದು ತಗೊಳ್ಳಿ."

"ನಾವು ತಗೊಳ್ಳೋ ಹಾಗಿಲ್ಲ." ಆಕೆ ಮೊದಲ ನಕ್ಷತ್ರವನ್ನು ಎತ್ತಿದಳು. "ಬೇಜಾರು ಮಾಡ್ಕೋಬೇಡಿ. ಎಲ್ಲಾ ಮುರಿದು ನೋಡಲೇಬೇಕು."

ಇಪ್ಪತ್ತನಾಲ್ಕನ್ನೂ ಮುರಿದಳು. ಒರಟಾಗೇನೂ ಮುರಿಯಲಿಲ್ಲ. ಆದರೂ ಪ್ರತಿ ಸದ್ದೂ ಇಸ್ತ್ರಿಯಮ್ಮನ ಎದೆಗೆ ನಾಟಿತು. ಸಕ್ಕರೆಯ ಚಕ್ಕೆಗಳು ಮೇಜಿನ ಮೇಲೆ ಉದುರಿದವು. ಕಾವಲಿನವಳು ಅವನ್ನೂ ಅಂಗೈಯಲ್ಲಿ ಬಳಿದು ಡಬ್ಬಿಗೇ ಹಾಕಿ ಮುಚ್ಚಳ ಒತ್ತಿದಳು.

ಭೇಟಿಯ ಕೋಣೆಗೆ ಬಂದ ಮಗಳು ಸೊರಗಿ ಇಳಿದುಹೋಗಿದ್ದಳು. ಡಬ್ಬಿಯಲ್ಲಿ ಇಣುಕಿ ನೋಡಿ, ಒಂದು ಮರದ ಅರ್ಧ ಭಾಗ ಬಾಯಿಗಿಟ್ಟಳು.

"ಗೆರೆ ಚೆನ್ನಾಗಿ ಎಳ್ದಿದೀಯ ಅಮ್ಮಾ."

"ಸುಮ್ನಿರೇ, ಕಾಗೆ ಕಾಲು ಗುಬ್ಬಿ ಕಾಲು." ಇಸ್ತ್ರಿಯಮ್ಮನಿಗೆ ಬಾಯಿ ಬಂತು. "ಈ ಸಲ ಬೀದೀಲಿ ಒಬ್ಬರಿಗೂ ಕೊಟ್ಟಿಲ್ಲ. ನಿನ್ನ ಆಡಿಕೊಂಡೋರಿಗೆ ಒಂದು ಚೂರೂ ಇಲ್ಲ. ಆ ಗಡಿಯಾರದೋನ ಹೆಂಡತಿ ಸಿಕ್ಕಿದ್ಲು, ಬ್ರೆಡ್ ಅಂಗಡೀಲಿ. ಎಲ್ಲರ ಮುಂದೆ ನೀರಿಳಿಸಿ ಕಳಿಸ್ದೆ. ಸುಳ್ಳುಬುರುಕಿ ಅಂತ."

ಮಗಳು ಅಗಿಯುವುದನ್ನು ನಿಲ್ಲಿಸಿದಳು.

"ಅವರಿಗೆ ಯಾಕಮ್ಮಾ ಹಾಗಂದೆ?"

"ಅನ್ನದೆ ಇನ್ನೇನು?"

ಮಗಳು ಕೈಯಲ್ಲಿದ್ದ ಚೂರನ್ನು ಡಬ್ಬಿಯಲ್ಲಿಟ್ಟು, ಬಹಳ ಹೊತ್ತು ಮೇಜಿನ ಅಂಚನ್ನೇ ಉಜ್ಜಿದಳು. ಆಮೇಲೆ ತಲೆ ಎತ್ತದೆ ಹೇಳಿದಳು. "ಬಾಟಲಿ ಜೇಬಿಗೆ ಹಾಕ್ಕೊಂಡಿದ್ದು ನಿಜ. ಎರಡು ಬಾಟಲಿ ಒಂದೇ ಥರ ಇತ್ತು. ನಾನು ಓದ್ಲಿಲ್ಲ. ಚುಚ್ಚಿದ ಮೇಲೆ ಓದ್ದೆ."

ಇಸ್ತ್ರಿಯಮ್ಮ ಮೇಜಿನ ಮೇಲೆ ಬಿದ್ದ ಸಕ್ಕರೆಯ ಚಕ್ಕೆಯೊಂದನ್ನು ಬೆರಳಿನಿಂದ ಒತ್ತಿ ತೆಗೆದು ಡಬ್ಬಿಗೆ ಹಾಕಿದಳು.

"ಡಾಕ್ಟರು ಎರಡು ಬಾಗಿಲಾಚೆ ಇದ್ರು ಅಮ್ಮಾ. ಒಂದು ಕೂಗು ಹಾಕಿದ್ರೆ ಸಾಕಿತ್ತು. ಕೆಲಸ ಹೋಗುತ್ತೆ ಅನ್ನೋದೊಂದೇ ತಲೇಲಿ ಓಡ್ತಿತ್ತು. ಬಚ್ಚಲಿಗೆ ಹೋಗಿ ಬಾಟಲಿ ಒಡೆದು ಹಾಕಿ ಬಂದೆ. ಬರೋ ಹೊತ್ತಿಗೆ ಅವರು ಗಂಡನ ಹೆಸರು ಹಿಡಿದು ಕರೀತಿದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನೊಬ್ಬಳೇ ನಂಬಿದ್ದೆ."

ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯಿತು. ಮಗಳು ಡಬ್ಬಿಯನ್ನು ತಾಯಿಯ ಕಡೆ ಸರಿಸಿದಳು. ತಾಯಿ ವಾಪಸ್ಸು ಸರಿಸಿದಳು. "ತಿನ್ನು" ಎಂದಷ್ಟೇ ಅಂದು ಎದ್ದಳು.

ಬಸ್ಸು ಇಳಿದವಳು ಮನೆಗೆ ಹೋಗಲಿಲ್ಲ. ಕಾಲು ತಾನಾಗಿಯೇ ಹಿಂದಿನ ಬೀದಿಗೆ ತಿರುಗಿತು. ಗಡಿಯಾರದವನ ಹೆಂಡತಿ ಶಾಲೆಯ ಅಡುಗೆ ಕೆಲಸ ಮುಗಿಸಿ ಆಗತಾನೆ ಬಂದಿದ್ದಳು. ಅರ್ಧ ಬಾಗಿಲು ತೆರೆದು, ಯಾರೆಂದು ಗೊತ್ತಾದ ಮೇಲೆ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.

"ಮಗಳನ್ನ ನೋಡ್ಕೊಂಡು ಬಂದೆ" ಅಂದಳು ಇಸ್ತ್ರಿಯಮ್ಮ. "ನೀವು ಕೋರ್ಟಲ್ಲಿ ಹೇಳಿದ್ದೆಲ್ಲಾ ನಿಜವಂತೆ. ಅವಳೇ ಹೇಳಿದ್ಲು."

"ನನಗೆ ಗೊತ್ತಿಲ್ವಾ? ನನ್ನ ಕಣ್ಣೆದುರಿಗೆ ಆಗಿದ್ದು."

"ತಪ್ಪಾಯ್ತು ಅಂತ ಹೇಳೋಕೆ ಬಂದೆ."

ಆಕೆ ಇಸ್ತ್ರಿಯಮ್ಮನ ಮುಖವನ್ನೇ ನೋಡಿದಳು. "ಅವತ್ತು ಹತ್ತು ಜನರ ಮುಂದೆ ಅಂದ್ರಿ. ಇವತ್ತು ನನ್ನೊಬ್ಬಳ ಕಿವೀಲಿ ಹೇಳ್ತಿದೀರ." ಬಾಗಿಲು ಮುಚ್ಚಿತು.

ಮರುದಿನ ಬೆಳಿಗ್ಗೆ ಬ್ರೆಡ್ ಅಂಗಡಿಯಲ್ಲಿ ಹಬ್ಬದ ಮುಂಚಿನ ಸಾಲು ಬೀದಿಯವರೆಗೂ ಬೆಳೆದಿತ್ತು. ಇಸ್ತ್ರಿಯಮ್ಮ ಸಾಲಿಗೆ ಸೇರಲಿಲ್ಲ. ನೇರವಾಗಿ ಒಳಗೆ ಹೋಗಿ, ಗಾಜಿನ ಕಪಾಟಿಗೆ ಬೆನ್ನು ಕೊಟ್ಟು, ಜನರ ಕಡೆ ತಿರುಗಿ ನಿಂತಳು. ಊರಿಗೆಲ್ಲ ಸಾರಿದ ನಾಲಿಗೆ ಅವತ್ತು ಮರದ ತುಂಡಾಗಿತ್ತು.

"ಹೋದ ತಿಂಗಳು ಇಲ್ಲೇ ನಿಂತು ಗಡಿಯಾರದವರ ಹೆಂಡತಿಗೆ ಸುಳ್ಳಿ ಅಂದಿದ್ದೆ. ಅವರು ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನನ್ನ ಮಗಳು."

ಒಬ್ಬಳು ಮಗುವಿನ ಟೋಪಿ ಸರಿಮಾಡಿದಳು. ಅಂಗಡಿಯವನು ಬ್ರೆಡ್ ಕಟ್ಟುತ್ತಿದ್ದವನು ಕಟ್ಟುವುದನ್ನು ಮುಂದುವರಿಸಿದ. ಇಸ್ತ್ರಿಯಮ್ಮ ಬಂದ ದಾರಿಯಲ್ಲೇ ಹೊರಗೆ ನಡೆದಳು. ಮಾತು ಗಡಿಯಾರದವನ ಮನೆಗೆ ಮುಟ್ಟಿತು, ಮುಟ್ಟದೆ ಇರುತ್ತದೆಯೇ. ಆದರೆ ಅಲ್ಲಿಂದ ಯಾವ ಉತ್ತರವೂ ಬರಲಿಲ್ಲ. ಮುಂದೆ ಬೀದಿಯಲ್ಲಿ ಎದುರಾದರೆ ಆಕೆ ಕಣ್ಣು ತಪ್ಪಿಸುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ.

ಇಸ್ತ್ರಿಯಮ್ಮ ತಿಂಗಳಿಗೊಮ್ಮೆ ಜೈಲಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಅಲ್ಲಿ ಮಾತು ಕಡಿಮೆ. ಊಟ ಆಯ್ತಾ, ಕೆಮ್ಮು ಹೋಯ್ತಾ, ಇಷ್ಟೇ. ಒಮ್ಮೆ ಮಗಳು, "ನನ್ನ ಮೇಲೆ ಕೋಪ ಇದೆಯಾ?" ಎಂದು ಕೇಳಿದಳು.

"ಇದೆ" ಅಂದಳು ತಾಯಿ. "ಮುಂದಿನ ತಿಂಗಳು ಉಣ್ಣೆ ಕಾಲುಚೀಲ ತರ್ತೀನಿ. ನೆಲ ತಣ್ಣಗಿದೆ ಇಲ್ಲಿ."