ಮೂರು ಗಂಟೆಯ ಕೆಂಪು ದೀಪ

ನಮ್ಮನೆಯವರು ಹೋದ ಮೇಲೆ ಅವರ ಫೋಟೋಗಳು ಬೇಕಾದಷ್ಟು ಉಳಿದವು, ದನಿ ಮಾತ್ರ ಎಲ್ಲೂ ಉಳಿಯಲಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ಅವರ ಮೊಬೈಲು ಎಲ್ಲೋ ಬಿದ್ದುಹೋಯಿತು. ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ ಮನುಷ್ಯನ ಒಂದು "ಹ್ವಾಯ್" ಎಂಬ ಕೂಗು ಕೂಡ ನನ್ನ ಹತ್ತಿರ ಇಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ದಿನ ಹೋದ ಹಾಗೆ ನೆನಪಿನಲ್ಲೂ ದನಿ ಮಾಸುತ್ತಾ ಬಂತು. ನೆನಪು ಮಾಡಿಕೊಳ್ಳಲು ಹೋದರೆ ಅವರ ತಮ್ಮನ ದನಿ ಬರುತ್ತಿತ್ತು. ಸಿಟ್ಟು ಬಂದು ಯಾರ ಮೇಲೆ ಹರಿಹಾಯುವುದು ಎಂದು ತಿಳಿಯುತ್ತಿರಲಿಲ್ಲ.

ಉಳಿದದ್ದು ಅವರ ಕಂಪ್ಯೂಟರು. ಸಾಲಿಗ್ರಾಮದ ಹೆದ್ದಾರಿ ಬದಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವರು ಮದುವೆ, ಉಪನಯನದ ಆಮಂತ್ರಣದ ಕಾಗದಗಳನ್ನು ತಯಾರು ಮಾಡುತ್ತಿದ್ದರು. ನಾನು ಹಿಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಮಧ್ಯಾಹ್ನ ಮೂರಾಯಿತೆಂದರೆ ಅವರ ಹುಚ್ಚು ಬೇರೆ. ತಾಳಮದ್ದಲೆ! ವೇಷವಿಲ್ಲದೆ ಕೂತು ಬರೀ ಮಾತಿನಲ್ಲಿ ಗೆಲ್ಲಬೇಕಾದ ಆಟ ಅದು. ಮೈಕು ಎದುರಿಟ್ಟುಕೊಂಡು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಎದುರಿನವನ ಮಾತಿಗೆಂದು ನಡುವೆ ಸುಮ್ಮನಾಗುತ್ತಿದ್ದರು, ಆಮೇಲೆ ಒಮ್ಮೆಲೇ ಗುಡುಗುತ್ತಿದ್ದರು. ಮೂರೂ ಹತ್ತಕ್ಕೆ "ಹ್ವಾಯ್, ಚಾ ಆಯ್ತಾ?" ಅಡುಗೆಮನೆಯಿಂದ ನಾನು "ಬಂದೆ." ವರ್ಷಗಟ್ಟಲೆ ಇದೇ ಪಾಠ.

ಕರೆಂಟು ದಂಡವಾಗುವುದು ಕಂಡರೆ ನನಗೆ ಆಗುವುದಿಲ್ಲ. ಅವರು ಮುಖ ತೊಳೆಯಲು ಎದ್ದರೂ ಸಾಕು, ಹೋಗಿ ಕಂಪ್ಯೂಟರನ್ನು ಮಲಗಿಸಿ ಬರುತ್ತಿದ್ದೆ. ದಿನಾ ಜಗಳ. ಕೊನೆಯ ವರ್ಷ ಒಂದು ದಿನ ನೋಡುತ್ತೇನೆ, ಸ್ಲೀಪ್ ಇಲ್ಲ, ಶಟ್‌ಡೌನ್ ಇಲ್ಲ! ಪವರ್ ಗುರುತು ಒತ್ತಿದರೆ ಆಯ್ಕೆಗಳು ಯಾವುವೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಪೆಟ್ಟಿಗೆಯ ಗುಂಡಿ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಕೇಳಿದರೆ "ಅದ್ ಹಾಳಾಯ್ತ್, ಬಿಡ್" ಎಂದು ಮುಖ ತಿರುಗಿಸಿದರು.

ಅವರು ಹೋದ ಮೇಲೂ ಅದು ಹಾಗೇ ಗುಂಯ್‌ಗುಡುತ್ತಿತ್ತು. ಮೊದಮೊದಲು ನಾನು ಆ ಕೋಣೆಗೇ ಹೋಗಲಿಲ್ಲ. ಸಿಡಿಲಿನ ದಿನ ಪ್ಲಗ್ ಕಿತ್ತು ಹಾಕಿದೆ. ಮರುದಿನ ಚುಚ್ಚಿದ ಕೂಡಲೇ, ಯಾರೂ ಮುಟ್ಟದೆ, ತಾನಾಗಿ ಎದ್ದು ಕೂತಿತು. ಮೂರು ಗಂಟೆಗೆ ಸರಿಯಾಗಿ ಮೈಕಿನ ಕೆಂಪು ದೀಪ ಹೊತ್ತಿಕೊಂಡಿತು. ಖಾಲಿ ಕುರ್ಚಿಯ ಎದುರು ಕಾಲು ಗಂಟೆ ಉರಿದು ದೀಪ ಆರಿತು. ಅಷ್ಟು ಹೊತ್ತೂ ಆ ಕುರ್ಚಿಯಲ್ಲಿ ಯಾರೋ ಎದುರಿನವನ ಮಾತಿಗೆ ಕಾಯುತ್ತಾ ಸುಮ್ಮನೆ ಕೂತಿದ್ದಾರೆ ಎಂದೇ ನನಗೆ ಕಂಡದ್ದು.

ಮರುದಿನ ಮೂರಕ್ಕೆ ಮತ್ತೆ. ಅದರ ಮರುದಿನವೂ. ಹೆದರಿಕೆಯಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಖುಷಿಯೂ ಆಗುತ್ತಿತ್ತು. ಇವರು ಎಲ್ಲೂ ಹೋಗಲಿಲ್ಲ ಎಂದುಕೊಂಡೆ. ಪ್ಲಗ್ ಕಿತ್ತಿಟ್ಟು ಬಿಡಬಹುದಿತ್ತು, ಬಿಡಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಹೇಳಿದ್ದರೆ ಜೋಯಿಸರಲ್ಲಿ ಪ್ರಶ್ನೆ ಕೇಳಿ, ಏನಾದರೂ ಶಾಂತಿ ಮಾಡಿಸಿ ಅವರನ್ನು ಕಳಿಸಿಯೇ ಬಿಡುತ್ತಿದ್ದರು. ಒಂಬತ್ತು ತಿಂಗಳು ದಿನಾ ಮೂರಕ್ಕೆ ಹೊಲಿಗೆ ಬಿಟ್ಟು ಆ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಚಾ ಮಾಡಲು ಒಳಗೆ ಹೋಗುತ್ತಿದ್ದೆ.

ಒಂದು ರವಿವಾರ ನನ್ನ ತಂಗಿ ಊಟಕ್ಕೆ ಬಂದಳು. ವಂಡ್ಸೆ ಕಡೆ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಅವಳದ್ದು.

"ಎಂತ ಅಕ್ಕಾ, ಇದನ್ನ್ ಮಲ್ಗ್ಸುದೇ ಇಲ್ಯಾ ನೀನ್?"

"ಮಲ್ಗುಕೆ ಅದ್ರಲ್ ಸ್ಲೀಪೇ ಇಲ್ಲೆ. ಹಾಳಾಯ್ತಂಬ್ರ್."

ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಅವಳು ಕುರ್ಚಿಯಲ್ಲಿ ಕೂತಾಗಿತ್ತು. ಪರದೆಯ ಡ್ರೈವರ್ ಸಾಫ್ಟ್‌ವೇರ್ ಹೋಗಿರಬೇಕು ಎಂದು ಮೊದಲು ಅದನ್ನು ನೋಡಿದಳು, ಸರಿಯಾಗಿಯೇ ಇತ್ತು. ಪವರ್ ಸೆಟ್ಟಿಂಗ್ ತೆಗೆದಳು. ಕೊನೆಗೆ ಇನ್ನೂ ಒಳಗೆ ಎಲ್ಲೋ ಹೋಗಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಹಾಳಾದ್ದಲ್ಲ ಅಕ್ಕಾ ಇದ್. ಯಾರೋ ಬೇಕಂತ್ಲೇ ತೆಗ್ದದ್. ಗುಂಡಿ ಒತ್ರೂ ಎಂತ ಆಗ್ದಿದ್ದಾಂಗೆ ಮಾಡಿಟ್ಟಿದ್ರ್. ಭಾವಂದೇ ಕೆಲ್ಸ."

ಪ್ಲಗ್ ಚುಚ್ಚಿದ ಕೂಡಲೇ ತಾನಾಗಿ ಏಳುವ ಹಾಗೆಯೂ ಅವರೇ ಮಾಡಿಟ್ಟಿದ್ದರು. ಇನ್ನೂ ಹುಡುಕುತ್ತಾ ಹೋದರೆ ದಿನಾ ಮೂರಕ್ಕೆ ತಾನಾಗಿ ಶುರುವಾಗುವ ರೆಕಾರ್ಡಿಂಗ್ ಸಿಕ್ಕಿತು. ಅಭ್ಯಾಸದ ಮಾತನ್ನು ಆಮೇಲೆ ಕೇಳಿ ತಿದ್ದಿಕೊಳ್ಳಲು ಅವರು ಮಾಡಿಟ್ಟ ಏರ್ಪಾಡು. ಒಂದು ಫೋಲ್ಡರಿನ ತುಂಬ ಕಾಲು ಗಂಟೆಯ ತುಣುಕುಗಳು. "ಹಾಕ್, ಬೇಗ ಹಾಕ್" ಎಂದೆ.

ಅವಳು ಒಂದನ್ನು ಒತ್ತಿದಳು. ಫ್ಯಾನಿನ ಸದ್ದು. ಹೆದ್ದಾರಿಯಲ್ಲಿ ಒಂದು ಲಾರಿ. ಪಾತ್ರೆಯ ಸದ್ದು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ದೂರದಿಂದ ನನ್ನದೇ ದನಿ: "ಬಂದೆ." ಇನ್ನೊಂದು ದಿನದ್ದು ಹಾಕಿ, ಹತ್ತನೇ ನಿಮಿಷಕ್ಕೆ ಸರಿಸಿದಳು. "ಬಂದೆ." ಮಳೆಯ ಒಂದು ದಿನ, ಹಂಚಿನ ಮೇಲೆ ಧೋ ಎಂಬ ಸದ್ದಿನ ನಡುವೆ, "ಬಂದೆ, ಬಂದೆ." ಒಂದರಲ್ಲೂ ಅದಕ್ಕೆ ಮುಂಚೆ ಯಾರೂ ಕರೆದಿರಲಿಲ್ಲ.

ತಂಗಿ ಕುರ್ಚಿಯಿಂದ ನನ್ನ ಕಡೆ ತಿರುಗಿದಳು. "ಅಕ್ಕಾ, ಯಾರಿಗ್ ನೀನ್ 'ಬಂದೆ' ಅಂಬುದ್?"

ದೇವರಾಣೆ, ಹಾಗೆ ಅಂದದ್ದೇ ನನಗೆ ಗೊತ್ತಿರಲಿಲ್ಲ.

"ಅವ್ರದ್ದ್ ಎಲ್ಲಿತ್ತ್? ಅವ್ರ್ ಮಾತಾಡಿದ್ದ್?"

ಪಟ್ಟಿಯನ್ನು ಮೇಲಕ್ಕೆ ಸರಿಸುತ್ತಾ ಅವಳು ತುದಿಯವರೆಗೆ ಹೋದಳು. ಅಲ್ಲಿ ಉಳಿಯುವುದು ಮುನ್ನೂರೇ ತುಣುಕು. ಹೊಸದೊಂದು ಬಂದರೆ ಎಲ್ಲಕ್ಕಿಂತ ಹಳೆಯದೊಂದು ಅಳಿಸಿಹೋಗುವ ಹಾಗೆ ಇಟ್ಟಿದ್ದರು. "ಭಾವ ಇದ್ದಾಗಿನದ್ದ್ ಒಂದೇ ಉಳ್ದದ್ ಅಕ್ಕಾ. ಇನ್ನ್ ಹತ್ ನಿಮಿಷಕ್ಕೆ, ಮೂರ್ ಗಂಟಿಗೆ, ಅದೂ ಹೋತಿತ್."

ಅವಳು ಗಡಿಬಿಡಿಯಲ್ಲಿ ಅದನ್ನು ಪೆನ್‌ಡ್ರೈವಿಗೂ ತನ್ನ ಮೊಬೈಲಿಗೂ ಹಾಕಿಕೊಂಡಳು. ನಾನು ನೆಲದಲ್ಲಿ ಕೂತುಬಿಟ್ಟೆ. ಇವರು ಬಂದರು ಎಂದು ದಿನಾ ಬಾಗಿಲಲ್ಲಿ ನಿಂತು ನೋಡಿದೆನಲ್ಲ, ಆ ಕೆಂಪು ದೀಪವೇ ದಿನಕ್ಕೊಂದರಂತೆ ಅವರ ಮಾತನ್ನು ತಿಂದು ಹಾಕಿತ್ತು. ನನ್ನ ತಲೆಗಿಷ್ಟು ಬೆಂಕಿ ಹಾಕ! ಮೊದಲ ದಿನವೇ ತಂಗಿಗೆ ಒಂದು ಮಾತು ಹೇಳಿದ್ದರೆ ಇನ್ನೂರೈವತ್ತಕ್ಕೂ ಹೆಚ್ಚು ಮಧ್ಯಾಹ್ನ ನನಗೆ ಸಿಗುತ್ತಿದ್ದವು.

ಉಳಿದ ಆ ಒಂದು, ಆಸ್ಪತ್ರೆಗೆ ಹೋಗುವ ಹಿಂದಿನ ದಿನದ್ದು. ಅದರಲ್ಲಿ ತಾಳಮದ್ದಲೆ ಇಲ್ಲ, ಬರೀ ಉಬ್ಬಸದ ಉಸಿರು. ಹತ್ತನೇ ನಿಮಿಷಕ್ಕೆ ಸರಿಸಿದಳು. ಮೆಲ್ಲಗೆ, "ಹ್ವಾಯ್, ಚಾ ಆಯ್ತಾ?" ಹೌದು, ಅದೇ ದನಿ. ತಮ್ಮನದ್ದಲ್ಲ, ಇವರದ್ದೇ. ಒಳಗಿಂದ ನಾನು ರೇಗುತ್ತಿದ್ದೇನೆ: "ಅದನ್ನ್ ಆಫ್ ಮಾಡಿ ಮಲ್ಕಣಿ ಕಾಂಬ, ಕರೆಂಟ್ ದಂಡ!" ಆಮೇಲೆ ಮೈಕಿಗೆ ಮಾತ್ರ ಕೇಳುವಷ್ಟು ಸಣ್ಣ ನಗು. "ಆಫ್ ಮಾಡುಕಾತ್ತಿಲ್ಲೆ ಮಾರಾಯ್ತಿ. ನಿನ್ ಕಾಟ ತಡುಕಾಗ್ದೆ ನಾನೇ ತೆಗ್ದ್ ಹಾಕಿದ್ದ್."

ಅಷ್ಟೇ. ಯಾರೂ ಕರೆಯದ ಅಷ್ಟು ದಿನ "ಬಂದೆ" ಎಂದಿದ್ದೇನೆ. ಅವರು ಕರೆದದ್ದು ಉಳಿದಿರುವ ಆ ಒಂದೇ ದಿನ "ಬಂದೆ" ಎನ್ನಲಿಲ್ಲ. ಅತ್ತುಬಿಟ್ಟೆ.

ತಂಗಿ ಕಣ್ಣೊರೆಸಿಕೊಂಡು ರೆಕಾರ್ಡಿಂಗ್ ನಿಲ್ಲಿಸಿದಳು, ಆಯ್ಕೆಗಳನ್ನೆಲ್ಲ ಸರಿಮಾಡಿದಳು. ಪವರ್ ಗುರುತಿನ ಕೆಳಗೆ ಸ್ಲೀಪ್ ಮತ್ತೆ ಬಂತು. ನಾನೇ ಒತ್ತಿದೆ. ಗುಂಯ್‌ಗುಡುವುದು ನಿಂತಿತು. ಮೂರು ಗಂಟೆಯಾಯಿತು, ದೀಪ ಹೊತ್ತಲಿಲ್ಲ. ಆಮೇಲೆ ನಾನು ಎದ್ದು ಚಾಕ್ಕೆ ನೀರಿಟ್ಟೆ.

ನೀರು ಕುದಿಯುವಾಗ ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ," ಎಂದಳು, "ನಾನ್ ಕರಿಲೇ ಇಲ್ಲೆ. ನೀನ್ ಈಗ 'ಬಂದೆ' ಅಂದ್ಯಲ್ದಾ?"